ಡಿಆಯಿಲರ್ ಕೊಳ್ಳುವ ಮುನ್ನ ಸ್ಯಾಂಪಲ್ ಬಾಟಲಿ ನೋಡಿ

ಒಮಾನಿನ ದಕ್ಷಿಣದ ಎಣ್ಣೆ ಬಾವಿಗಳಲ್ಲಿ ನೀರಿನ ಶುದ್ಧೀಕರಣದ ಕೆಲಸದಲ್ಲಿರುವ ಕನ್ನಡಿಗರು ದಯವಿಟ್ಟು ಇದನ್ನು ಪೂರ್ತಿ ಓದಿ. ಒಬ್ಬ ವ್ಯಾಪಾರಿ ತೋರಿಸಿದ ಲ್ಯಾಬ್ ವರದಿಯನ್ನು ನಂಬಿ, ಎಣ್ಣೆ ಬೇರ್ಪಡಿಸುವ ರಾಸಾಯನಿಕವನ್ನು, ನಾವೆಲ್ಲ ಡಿಆಯಿಲರ್ ಎನ್ನುವುದನ್ನು, ಇಪ್ಪತ್ತು ಡ್ರಂ ತರಿಸಿ ನಾನು ಮೋಸಹೋಗಿದ್ದೇನೆ. ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದವನು ಹೀಗೆ ಬರೆಯಬೇಕಾಗಿ ಬಂದುದಕ್ಕೆ ನಾಚಿಕೆಯಾಗುತ್ತಿದೆ. ಆದರೆ ಆತ ಅದೇ ವರದಿಯನ್ನು ಹಿಡಿದು ಬೇರೆ ಕ್ಯಾಂಪುಗಳಿಗೂ ಹೋಗುತ್ತಿದ್ದಾನೆಂದು ತಿಳಿದ ಮೇಲೆ ಸುಮ್ಮನಿರಲಾಗಲಿಲ್ಲ.

ನಮ್ಮದು ಹಳೆಯ ಬಾವಿಗಳು. ಒಂದು ಬ್ಯಾರೆಲ್ ಎಣ್ಣೆಯ ಜೊತೆಗೆ ಹತ್ತು ಬ್ಯಾರೆಲ್‌ನಷ್ಟು ಉಪ್ಪುನೀರು ಮೇಲೆ ಬರುತ್ತದೆ. ಅದರಲ್ಲಿ ಉಳಿದ ಎಣ್ಣೆಯ ಹನಿಗಳನ್ನು ತೆಗೆಯದೆ ಮತ್ತೆ ಭೂಮಿಗೆ ಇಳಿಸಿದರೆ ತಳದ ಕಲ್ಲಿನ ರಂಧ್ರಗಳು ಕಟ್ಟಿಕೊಂಡು ಪಂಪಿನ ಒತ್ತಡ ಏರುತ್ತದೆ. ಇದೇ ದೇಶದ ನಿಮ್ರ್‌ನಲ್ಲಿ ಜೊಂಡು ಬೆಳೆಸಿ ಈ ನೀರನ್ನು ಶುದ್ಧಗೊಳಿಸುವ ದೊಡ್ಡ ಪಾತಿಗಳಿವೆ. ಅಲ್ಲಿಯೂ ಮೊದಲು ಎಣ್ಣೆ ತೆಗೆದ ಮೇಲೆಯೇ ನೀರನ್ನು ಜೊಂಡಿಗೆ ಬಿಡುತ್ತಾರೆ. ಎಣ್ಣೆ ತೆಗೆಯುವ ಹಂತದಲ್ಲೇ ತಪ್ಪಿದರೆ ಮುಂದಿನದೆಲ್ಲ ಕೆಡುತ್ತದೆ.

ಆ ವ್ಯಾಪಾರಿ ನಮ್ಮ ಕಡೆಯವರೇ. ಮೊದಲ ಭೇಟಿಯಲ್ಲೇ ಕನ್ನಡದಲ್ಲಿ ಮಾತಾಡಿದರು, ಊರು ಯಾವುದೆಂದು ಕೇಳಿದರು, ನಾನೂ ಮನಸ್ಸು ಬಿಚ್ಚಿದೆ. ಮೂರು ದಿನ ಪ್ರಯೋಗ ನಡೆಸಿ, ಒಳಬರುವ ನೀರಿನಲ್ಲಿ 280 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 280 ಭಾಗ, ಇದ್ದ ಎಣ್ಣೆ ಹೊರಹೋಗುವಾಗ 8ಕ್ಕೆ ಇಳಿದಿದೆ ಎಂಬ ವರದಿ ಕೊಟ್ಟರು. ಸ್ಯಾಂಪಲ್ ತೆಗೆದವರು ಅವರ ಹುಡುಗರು, ಪರೀಕ್ಷೆ ಮಾಡಿಸಿದವರೂ ಅವರೇ. ನಾನು ಪಕ್ಕದಲ್ಲಿ ನಿಂತು ನೋಡಲಿಲ್ಲ. ಈ ಒಂದು ತಪ್ಪನ್ನು ನನಗೆ ನಾನೇ ಕ್ಷಮಿಸಿಕೊಳ್ಳಲಾರೆ.

ಆರು ವಾರಗಳೊಳಗೆ, ಉಳಿದ ಎಣ್ಣೆಯನ್ನು ಸೋಸುವ ವಾಲ್‌ನಟ್ ಸಿಪ್ಪೆಯ ಫಿಲ್ಟರುಗಳು ದಿನಕ್ಕೆರಡು ಬಾರಿ ಕಟ್ಟಿಕೊಳ್ಳತೊಡಗಿದವು. ಮಾಲೀಕ ಕಂಪನಿಯ ಲ್ಯಾಬ್ ಹೊರಹೋಗುವ ನೀರಿನಲ್ಲಿ ಎಣ್ಣೆ ಒಮ್ಮೆ 46, ಇನ್ನೊಮ್ಮೆ 52 ಪಿಪಿಎಂ ಎಂದು ಬರೆದುಕೊಟ್ಟಿತು. ನಾನು ಫೋನ್ ಮಾಡಿದಾಗ ಆ ವ್ಯಾಪಾರಿ ಕೊಟ್ಟ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. ಮೊದಲನೆಯದು, “ಬಾವಿಯ ನೀರೇ ಬದಲಾಗಿದೆ ಸಾರ್, ಡೋಸ್ ಹೆಚ್ಚಿಸಿ.” ಹೆಚ್ಚಿಸಿದೆ. ನೀರು ಇನ್ನಷ್ಟು ಕಲಕಿ ಹಾಲಿನಂತಾಯಿತು, ಏಕೆಂದರೆ ಈ ಬಗೆಯ ಮದ್ದು ಮಿತಿಮೀರಿದರೆ ಹನಿಗಳ ವಿದ್ಯುದಾವೇಶವೇ ತಿರುಗಿ, ಅವು ಒಂದಕ್ಕೊಂದು ಕೂಡದೆ ನೀರಿನಲ್ಲೇ ನಿಲ್ಲುತ್ತವೆ. ಅದು ಅವರಿಗೆ ತಿಳಿಯದ್ದಲ್ಲ. ಡೋಸ್ ಹೆಚ್ಚಿದಷ್ಟೂ ಡ್ರಂ ಬೇಗ ಖಾಲಿಯಾಗುತ್ತದೆ ಎಂಬುದೂ ತಿಳಿಯದ್ದಲ್ಲ. ಎರಡನೆಯ ಉತ್ತರ, “ನಿಮ್ಮ ಹುಡುಗರಿಗೆ ಸ್ಯಾಂಪಲ್ ತೆಗೆಯಲು ಬರುವುದಿಲ್ಲ ಸಾರ್.”

ಆ ಮಾತಿನಿಂದಲೇ ನನಗೆ ಅವರ ಸ್ಯಾಂಪಲ್ ನೆನಪಾಯಿತು. ಪ್ರಯೋಗದ ದಿನ ಅವರ ಹುಡುಗ ಬಿಟ್ಟುಹೋದ ಬಾಟಲಿಯೊಂದು ನಮ್ಮ ಕ್ಯಾಬಿನ್ನಿನ ಕಪಾಟಿನಲ್ಲಿತ್ತು. ಕುಡಿಯುವ ನೀರಿನ ಸಾಧಾರಣ ಪ್ಲಾಸ್ಟಿಕ್ ಬಾಟಲಿ. ನೀರು ತಿಳಿಯಾಗಿ ಕಾಣುತ್ತಿತ್ತು. ಅದನ್ನು ಚೆಲ್ಲಿ ಬೆಳಕಿಗೆ ಹಿಡಿದಾಗ ಒಳಗೋಡೆಯ ಮೇಲೆ ಕಂದು ಬಣ್ಣದ ತೆಳು ಪೊರೆ ಅಂಟಿತ್ತು, ಕತ್ತಿನ ಹತ್ತಿರ ದಪ್ಪ ಉಂಗುರವೇ ಕಟ್ಟಿತ್ತು. ಎಣ್ಣೆಯನ್ನು ಕರಗಿಸುವ ದ್ರಾವಕವಾದ ಹೆಕ್ಸೇನ್ ಸ್ವಲ್ಪ ಹಾಕಿ ಕುಲುಕಿದೆ. ಅದು ಕಡು ಚಹಾದ ಬಣ್ಣಕ್ಕೆ ತಿರುಗಿತು. ಎಣ್ಣೆಯೆಲ್ಲ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿತ್ತು. ಲ್ಯಾಬಿನವರು ಇಂಥದೇ ಬಾಟಲಿಗಳಿಂದ ನಡುವಿನ ನೀರನ್ನಷ್ಟೇ ತೆಗೆದು ಅಳೆದಿರಬೇಕು! ನಾನು 8 ಎಂದು ನಂಬಿ ಸಹಿ ಹಾಕಿದ್ದು ಅದನ್ನೇ. ಕೈಯಲ್ಲಿ ಆ ಬಾಟಲಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ: ಸ್ಯಾಂಪಲ್ ನೀವೇ ತೆಗೆಯಿರಿ, ಗಾಜಿನ ಬಾಟಲಿಯಲ್ಲೇ ತೆಗೆಯಿರಿ. ಬೇರೆ ಪರೀಕ್ಷೆಗಳಿಗೆ ಮಾಡುವಂತೆ ಅದೇ ನೀರಿನಲ್ಲಿ ಮೊದಲು ತೊಳೆಯಬೇಡಿ, ಎಣ್ಣೆ ಗೋಡೆಗೆ ಅಂಟಿ ಲೆಕ್ಕ ತಪ್ಪುತ್ತದೆ. ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ, ಇಡೀ ಬಾಟಲಿಯ ನೀರನ್ನು ಪರೀಕ್ಷಿಸಿ, ಖಾಲಿ ಬಾಟಲಿಯನ್ನೂ ದ್ರಾವಕದಲ್ಲಿ ತೊಳೆದು ಅದನ್ನು ಸೇರಿಸಲು ಹೇಳಿ. ಮಾರುವವನ ವರದಿಯ ಮೇಲೆ ಹಣ ಕೊಡಬೇಡಿ, ಅವನು ಎಷ್ಟೇ ಚೆನ್ನಾಗಿ ಕನ್ನಡ ಮಾತಾಡಲಿ.

ಬಾಟಲಿಯ ಫೋಟೋ ಕಳುಹಿಸಿದಾಗ ಬಂದ ಕೊನೆಯ ಉತ್ತರ, “ವರದಿಯಲ್ಲಿ ನಿಮ್ಮದೇ ಸಹಿ ಇದೆಯಲ್ಲ ಸಾರ್.” ಅದಾದ ಮೇಲೆ ಫೋನ್ ಎತ್ತಿಲ್ಲ. ಉಳಿದ ಒಂಬತ್ತು ಡ್ರಂಗಳು ಯಾರ್ಡಿನ ಬಿಸಿಲಿನಲ್ಲಿ ನಿಂತಿವೆ, ಅವುಗಳ ಬಗ್ಗೆ ಭಾನುವಾರ ನಾನು ಕಂಪನಿಗೆ ಲಿಖಿತ ವಿವರಣೆ ಕೊಡಬೇಕಾಗಿದೆ.