ಇಟಾಲಿಯನ್ ಜೇನು ಪೆಟ್ಟಿಗೆ ಕೊಳ್ಳುವ ಕೊಡಗಿನ ಬೆಳೆಗಾರರೇ, ನುಸಿ ಎಣಿಸದೆ ಹಣ ಕೊಡಬೇಡಿ

ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ ರೊಬಸ್ಟಾ ಕಾಫಿ ತೋಟಕ್ಕೆ ಇಟಾಲಿಯನ್ ಜೇನು ಪೆಟ್ಟಿಗೆಗಳನ್ನು ತರಿಸಬೇಕೆಂದಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ, ಆಮೇಲೆ ಮುಂಗಡ ಕೊಡಿ. ವಿರಾಜಪೇಟೆ ಕಡೆಯ ನಮ್ಮ ಊರಿನಲ್ಲಿ ಕೆಲವು ಬೆಳೆಗಾರರು ಒಟ್ಟುಗೂಡಿ ಹೊರಗಿನ ಮಾರಾಟಗಾರರೊಬ್ಬರಿಂದ ಕೊಂಡ ಜೇನು ಕುಟುಂಬಗಳಲ್ಲಿ ಹೆಚ್ಚಿನವು ಒಂದೇ ಮಳೆಗಾಲದಲ್ಲಿ ನಾಶವಾದವು. ಅದಕ್ಕೆ ಕಾರಣ ಮಳೆಯಲ್ಲ, ಮೇವಿನ ಕೊರತೆಯೂ ಅಲ್ಲ; ಪೆಟ್ಟಿಗೆಗಳೊಳಗೇ ಕುಳಿತು ಬಂದಿದ್ದ, ಜೇನ್ನೊಣಗಳ ಮೈಗಂಟಿ ಬದುಕುವ ನುಸಿ. ಮಾರಾಟಗಾರರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆಸರು ತಿಳಿಯುವುದಕ್ಕಿಂತ ಅವರು ಮಾರಿದ ರೀತಿ ತಿಳಿಯುವುದು ನಿಮಗೆ ಹೆಚ್ಚು ಉಪಯೋಗ, ಏಕೆಂದರೆ ಅದೇ ರೀತಿಯಲ್ಲಿ ಬೇರೆಯವರೂ ಮಾರಬಹುದು.

ನಮ್ಮಲ್ಲಿ ಜೇನು ಸಾಕುವುದು ಹೊಸದೇನಲ್ಲ. ನಮ್ಮ ನಾಡಿನದೇ ಆದ ತುಡುವೆ ಜೇನು ಕೊಡಗಿನ ಮನೆಮನೆಯಲ್ಲಿ ಇತ್ತು. 1991–92ರ ಸುಮಾರಿಗೆ ದಕ್ಷಿಣ ಭಾರತದಲ್ಲೆಲ್ಲ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಆ ಪೆಟ್ಟಿಗೆಗಳನ್ನು ಬರಿದು ಮಾಡಿತು. ಆಮೇಲೆ ಅನೇಕರು ಸಾಕಣೆಯನ್ನೇ ಕೈಬಿಟ್ಟರು. ಈಗ ಮತ್ತೆ ಆಸಕ್ತಿ ಹುಟ್ಟಿರುವುದಕ್ಕೆ ಜೇನುತುಪ್ಪವೊಂದೇ ಕಾರಣವಲ್ಲ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ಆದರೆ ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಹೂವು ಅರಳಿ ನಿಲ್ಲುವುದು ಕೆಲವೇ ದಿನ. ಆ ದಿನಗಳಲ್ಲಿ ತೋಟದಲ್ಲಿ ಜೇನ್ನೊಣಗಳು ತುಂಬಿರಬೇಕೆಂದು ಬೆಳೆಗಾರನಿಗೆ ಅನ್ನಿಸುವುದು ಸಹಜ. ಒಂದೊಂದು ಪೆಟ್ಟಿಗೆಯಲ್ಲೂ ತುಡುವೆಗಿಂತ ಬಹಳ ಹೆಚ್ಚು ನೊಣಗಳಿರುವ ಇಟಾಲಿಯನ್ ಜೇನನ್ನು ಮಾರುವವರಿಗೆ ಈ ಆಸೆ ಚೆನ್ನಾಗಿ ಗೊತ್ತಿದೆ.

ಕೊಳ್ಳುವಾಗ ನಾವು ನುಸಿಯ ಬಗ್ಗೆ ನೇರವಾಗಿಯೇ ಕೇಳಿದ್ದೆವು. ಬಂದ ಉತ್ತರ ಎರಡು ಬಗೆಯದು. ಮೊದಲು, "ಸಾರ್, ನಮ್ಮ ಕುಟುಂಬಗಳಲ್ಲಿ ನುಸಿಯೇ ಇಲ್ಲ" ಎಂದರು. ಚೌಕಟ್ಟುಗಳ ನಡುವೆ ತೂಗುಬಿಟ್ಟಿದ್ದ, ಎಣ್ಣೆಯಂತಹ ಯಾವುದೋ ದ್ರವದಲ್ಲಿ ಅದ್ದಿದ್ದ ತೆಳುವಾದ ಮರದ ಪಟ್ಟಿಗಳನ್ನು ತೋರಿಸಿ ಕೇಳಿದಾಗ, "ಜೇನು ಇದ್ದಲ್ಲಿ ನುಸಿ ಇದ್ದೇ ಇರುತ್ತದೆ, ನಿಮ್ಮ ತುಡುವೆಯಲ್ಲಿಯೂ ಇದೆ, ಅದು ಏನೂ ಮಾಡುವುದಿಲ್ಲ, ಇದು ಬರೀ ಮುಂಜಾಗ್ರತೆ" ಎಂದರು. ಪಟ್ಟಿಗೆ ಹೊದಿಕೆ ಇರಲಿಲ್ಲ. ಯಾವ ಔಷಧ, ಎಷ್ಟು ಪ್ರಮಾಣ, ಎಂದು ಇಟ್ಟದ್ದು, ಎಂದು ತೆಗೆಯಬೇಕು ಎಂಬ ಒಂದು ಅಕ್ಷರವೂ ಎಲ್ಲಿಯೂ ಇರಲಿಲ್ಲ. ಒಂದೇ ಮಾತುಕತೆಯಲ್ಲಿ "ಇಲ್ಲ" ಎಂಬುದು "ಇದ್ದರೂ ತೊಂದರೆಯಿಲ್ಲ" ಎಂದು ಬದಲಾದರೆ ಅಲ್ಲಿಗೇ ವ್ಯವಹಾರ ನಿಲ್ಲಿಸಿ ಎಂದು ಇಂದು ನಾನು ಯಾರಿಗಾದರೂ ಹೇಳುತ್ತೇನೆ.

ಕಾಫಿ ಹೂವಿನ ಕಾಲ ಚೆನ್ನಾಗಿಯೇ ಕಳೆಯಿತು. ಪರಾಗ, ಮಕರಂದ ಯಥೇಚ್ಛವಾಗಿ ಸಿಗುವಾಗ ರಾಣಿ ಬಿಡುವಿಲ್ಲದೆ ಮೊಟ್ಟೆಯಿಡುತ್ತದೆ, ನೊಣಗಳ ಸಂಖ್ಯೆ ನುಸಿಯ ಸಂಖ್ಯೆಗಿಂತ ಬೇಗ ಏರುತ್ತದೆ, ಆದ್ದರಿಂದ ಹೊರಗಿನಿಂದ ನೋಡುವವರಿಗೆ ಕುಟುಂಬ ಬಲವಾಗಿಯೇ ಕಾಣುತ್ತದೆ. ಲೆಕ್ಕ ತಲೆಕೆಳಗಾಗುವುದು ಮಳೆ ಹಿಡಿದ ಮೇಲೆ. ಜೂನ್‌ನಿಂದ ಹೊರಗೆ ಮೇವಿಲ್ಲ, ರಾಣಿ ಮೊಟ್ಟೆಯಿಡುವುದನ್ನು ಕಡಿಮೆ ಮಾಡುತ್ತದೆ, ಮರಿಗಳು ಬೆಳೆಯುವ ಮೇಣದ ಕಣಗಳು ಕಡಿಮೆಯಾಗುತ್ತವೆ. ಆದರೆ ಹೂವಿನ ಕಾಲದಲ್ಲಿ ಹೆಚ್ಚಿದ ನುಸಿಗಳು ಹಾಗೆಯೇ ಉಳಿದಿರುತ್ತವೆ ಮತ್ತು ಇದ್ದಷ್ಟು ಕಣಗಳಿಗೇ ನುಗ್ಗುತ್ತವೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಹೊತ್ತಿಗೆ ಪೆಟ್ಟಿಗೆಗಳ ಮುಂದೆ ಹಾರಲಾರದ ನೊಣಗಳು ನೆಲದ ಮೇಲೆ ತೆವಳತೊಡಗಿದವು. ಅವುಗಳ ರೆಕ್ಕೆಗಳು ಸುಕ್ಕುಗಟ್ಟಿ ಮುರುಟಿದ್ದವು, ಹೊಟ್ಟೆ ಮೊಟಕಾಗಿತ್ತು. ಒಳಗೆ ಎರಿಗಳಲ್ಲಿ, ಅಂದರೆ ಮೇಣದ ಕಣಗಳ ಹಲಗೆಗಳಲ್ಲಿ, ಮರಿಗಳು ಅಲ್ಲಲ್ಲಿ ಚೆದುರಿಹೋಗಿದ್ದವು. ಮುಚ್ಚಿದ ಕಣಗಳ ಮುಚ್ಚಳ ಒಳಕ್ಕೆ ಕುಸಿದು ತೂತು ಬಿದ್ದಿತ್ತು. ಮಾರಾಟಗಾರರಿಗೆ ಫೋನ್ ಮಾಡಿದಾಗ ಮಳೆಯ ತಂಡಿಯೇ ಇದಕ್ಕೆ ಕಾರಣವೆಂದರು, ಸಕ್ಕರೆ ಪಾಕ ಕೊಡಿ ಎಂದರು, ಬೇಕಿದ್ದರೆ ಇನ್ನಷ್ಟು ಪಟ್ಟಿಗಳನ್ನು ಬೆಲೆಗೆ ಕಳುಹಿಸುತ್ತೇವೆ ಎಂದರು.

ನಿಜ ತಿಳಿದದ್ದು ಭಾಗಮಂಡಲದ ಜೇನು ಸಾಕಣೆ ಕೇಂದ್ರದಲ್ಲಿ ತರಬೇತಿ ಪಡೆದಿದ್ದ ನನ್ನ ಭಾವ ಬಂದು ಪೆಟ್ಟಿಗೆ ಬಿಚ್ಚಿದಾಗ. ಅವರು ಮಾಡಿದ ಪರೀಕ್ಷೆಗೆ ಹೆಚ್ಚಿನ ಖರ್ಚಿಲ್ಲ, ಯಾರು ಬೇಕಾದರೂ ಕಲಿಯಬಹುದು. ಅಗಲ ಬಾಯಿಯ ಗಾಜಿನ ಸೀಸೆಯ ಮುಚ್ಚಳಕ್ಕೆ ನುಸಿ ದಾಟುವಷ್ಟು, ನೊಣ ದಾಟದಷ್ಟು ಸಣ್ಣ ಕಣ್ಣಿನ ಜಾಲರಿ ಕೂರಿಸಬೇಕು. ರಾಣಿ ಬೇರೆ ಚೌಕಟ್ಟಿನಲ್ಲಿದೆ ಎಂಬುದನ್ನು ಖಚಿತಪಡಿಸಿಕೊಂಡು, ಮರಿಗಳಿರುವ ಎರಿಯಿಂದ ಅರ್ಧ ಕಪ್ಪಿನಷ್ಟು, ಅಂದರೆ ಹೆಚ್ಚುಕಡಿಮೆ 300 ನೊಣಗಳನ್ನು ಸೀಸೆಗೆ ಕೊಡವಬೇಕು. ಎರಡು ಚಮಚ ನುಣ್ಣಗಿನ ಸಕ್ಕರೆ ಪುಡಿ ಹಾಕಿ, ನೊಣಗಳ ಮೈಗೆಲ್ಲ ಹತ್ತುವಂತೆ ಸೀಸೆಯನ್ನು ಮೆಲ್ಲಗೆ ಉರುಳಿಸಿ, ಒಂದೆರಡು ನಿಮಿಷ ನೆರಳಿನಲ್ಲಿಟ್ಟು, ಬಳಿಕ ಬಿಳಿ ತಟ್ಟೆಯ ಮೇಲೆ ಬೋರಲು ಹಿಡಿದು ಜೋರಾಗಿ ಅಲುಗಾಡಿಸಬೇಕು. ಹಿಡಿತ ತಪ್ಪಿದ ನುಸಿಗಳು ಸಕ್ಕರೆಯೊಂದಿಗೆ ಕೆಳಗೆ ಬೀಳುತ್ತವೆ. ತಟ್ಟೆಗೆ ಸ್ವಲ್ಪ ನೀರು ಚಿಮುಕಿಸಿದರೆ ಸಕ್ಕರೆ ಕರಗಿ ಕೆಂಪು ಕಂದು ಬಣ್ಣದ ಚುಕ್ಕೆಗಳು ಉಳಿಯುತ್ತವೆ. ಎಣಿಸಿ ಮೂರರಿಂದ ಭಾಗಿಸಿದರೆ ನೂರು ನೊಣಕ್ಕೆ ಎಷ್ಟು ನುಸಿ ಎಂಬುದು ಸಿಗುತ್ತದೆ. ನೂರಕ್ಕೆ ಎರಡು ಮೂರು ಮುಟ್ಟಿದರೆ ಚಿಕಿತ್ಸೆಯನ್ನು ಮುಂದೂಡಬಾರದು. ನಮ್ಮ ತಟ್ಟೆಯಲ್ಲಿ ಬಿದ್ದದ್ದು ಆ ಮಿತಿಯನ್ನು ಎಷ್ಟೋ ಪಟ್ಟು ಮೀರಿತ್ತು. ಸಕ್ಕರೆ ಮೆತ್ತಿದ ನೊಣಗಳನ್ನು ಮರಳಿ ಪೆಟ್ಟಿಗೆಗೆ ಬಿಡಬಹುದು, ಅವು ಒಂದನ್ನೊಂದು ನೆಕ್ಕಿ ಶುಚಿಯಾಗುತ್ತವೆ.

ಅಲ್ಲಿ ಬಿದ್ದದ್ದು ವರ್ರೋವಾ. ಸುಮಾರು ಒಂದೂವರೆ ಮಿಲಿಮೀಟರ್ ಅಗಲದ, ಉದ್ದಕ್ಕಿಂತ ಅಗಲವೇ ಹೆಚ್ಚಿರುವ ಚಪ್ಪಟೆ ಜೀವಿ. "ತುಡುವೆಯಲ್ಲಿಯೂ ಇದೆ, ಏನೂ ಮಾಡುವುದಿಲ್ಲ" ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ, ಅದಕ್ಕಾಗಿಯೇ ಅದು ಅಪಾಯಕಾರಿ. ಏಷ್ಯಾದ ತುಡುವೆ ಜೇನೇ ಈ ನುಸಿಯ ಮೂಲ ಆಶ್ರಯ. ಬಹುಕಾಲ ಒಟ್ಟಿಗೆ ಬದುಕಿದ್ದರಿಂದ ತುಡುವೆ ಅದನ್ನು ಹತೋಟಿಯಲ್ಲಿಡಲು ಕಲಿತಿದೆ: ತನ್ನ ಮತ್ತು ಜೊತೆಗಾರರ ಮೈಯಿಂದ ನುಸಿಯನ್ನು ಕಿತ್ತೆಸೆಯುತ್ತದೆ, ಸೋಂಕಿದ ಮರಿಯನ್ನು ಹೊರಹಾಕುತ್ತದೆ, ನುಸಿಯೂ ಅಲ್ಲಿ ಹೆಚ್ಚಾಗಿ ಗಂಡು ಜೇನಿನ ಕಣಗಳಲ್ಲಿ ಮಾತ್ರ ಮರಿ ಮಾಡುತ್ತದೆ. ಇಟಾಲಿಯನ್ ಜೇನಿಗೆ ಈ ರಕ್ಷಣೆ ಬಹಳ ಕಡಿಮೆ. ಅಲ್ಲಿ ನುಸಿ ಕೆಲಸಗಾರ ನೊಣಗಳ ಕಣಗಳಲ್ಲೂ ಧಾರಾಳವಾಗಿ ಬೆಳೆಯುತ್ತದೆ. ಕಣ ಮುಚ್ಚುವ ಸ್ವಲ್ಪ ಮುಂಚೆ ತಾಯಿ ನುಸಿ ಒಳಗೆ ನುಸುಳಿ ಮರಿಯ ಅಡಿಯಲ್ಲಿ ಅಡಗಿಕೊಳ್ಳುತ್ತದೆ. ಮುಚ್ಚಿದ ಬಳಿಕ ಮೊದಲು ಗಂಡಾಗುವ ಮೊಟ್ಟೆ, ಆನಂತರ ಹೆಣ್ಣಾಗುವ ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. ನೊಣ ಹೊರಬರುವಾಗ ಬೆಳೆದ ಹೆಣ್ಣು ನುಸಿಗಳೂ ಅದರೊಂದಿಗೆ ಹೊರಬರುತ್ತವೆ. ನೊಣದ ದೇಹದಲ್ಲಿ ಪೋಷಕಾಂಶ ಕೂಡಿಡುವ ಕೊಬ್ಬಿನ ಅಂಗಾಂಶವೇ ಅವುಗಳ ಮುಖ್ಯ ಆಹಾರ. ರೆಕ್ಕೆ ಮುರುಟಿಸುವ ವೈರಸ್ಸನ್ನು ಹರಡುವುದೂ ಇವೇ.

ಪಟ್ಟಿಗಳ ಮೋಸ ಇರುವುದು ಇಲ್ಲಿಯೇ. ಮರಿ ಬೆಳೆಯುತ್ತಿರುವ ಕುಟುಂಬದಲ್ಲಿ ನುಸಿಗಳ ಹೆಚ್ಚು ಪಾಲು ಮುಚ್ಚಿದ ಕಣಗಳೊಳಗೆ ಇರುತ್ತದೆ. ಮಾರುವ ಮುಂಚೆ ಪಟ್ಟಿ ನೇತುಹಾಕಿದರೆ ನೊಣಗಳ ಮೈಮೇಲಿನ ನುಸಿ ಉದುರಿ, ನೋಡುವವರ ಕಣ್ಣಿಗೆ ಕುಟುಂಬ ಶುದ್ಧವಾಗಿ ಕಾಣುತ್ತದೆ. ಕಣದೊಳಗಿನದು ಹಾಗೆಯೇ ನಿಮ್ಮ ತೋಟಕ್ಕೆ ಬರುತ್ತದೆ. ಅದೇ ಔಷಧವನ್ನು ಅಳತೆಯಿಲ್ಲದೆ, ವರ್ಷವಿಡೀ ಪೆಟ್ಟಿಗೆಯಲ್ಲಿ ಬಿಟ್ಟರೆ ನುಸಿ ಅದಕ್ಕೆ ಒಗ್ಗಿಹೋಗುತ್ತದೆ. ಫ್ಲುವಾಲಿನೇಟ್‌ನಂತಹ ಔಷಧಗಳು ಮೇಣದಲ್ಲಿ ಸೇರಿಕೊಂಡು ಬಹುಕಾಲ ಉಳಿಯುತ್ತವೆ. ನಮಗೆ ಆದ ದೊಡ್ಡ ನಷ್ಟಗಳಲ್ಲಿ ಇದೂ ಒಂದು: ಯಾವ ಔಷಧವೆಂದು ತಿಳಿಯದ ಪಟ್ಟಿಗಳ ಪಕ್ಕದಲ್ಲಿ ತುಂಬಿದ ಕಾಫಿ ಹೂವಿನ ಜೇನುತುಪ್ಪವನ್ನು ನಾವು ಮಾರಲಿಲ್ಲ, ಮನೆಯಲ್ಲೂ ಬಳಸಲಿಲ್ಲ. ಕೊಡಗಿನ ಜೇನಿಗೆ ಇರುವ ಹೆಸರನ್ನು ಹಿರಿಯರು ಕಷ್ಟಪಟ್ಟು ಗಳಿಸಿದ್ದಾರೆ. ಅದನ್ನು ಇಂತಹ ತುಪ್ಪದ ಸೀಸೆಯ ಮೇಲೆ ಅಂಟಿಸುವ ಹಕ್ಕು ನಮಗಿಲ್ಲವೆಂದು ಎಲ್ಲರೂ ಒಪ್ಪಿದರು.

ಆದ್ದರಿಂದ ಕೊಳ್ಳುವಾಗ ಸಕ್ಕರೆ ಪರೀಕ್ಷೆಯೊಂದನ್ನೇ ನಂಬಬೇಡಿ. ಮುಚ್ಚಿದ ಕೆಲವು ಕಣಗಳನ್ನು, ಮುಖ್ಯವಾಗಿ ಉಬ್ಬಿದ ಮುಚ್ಚಳವಿರುವ ಗಂಡು ಜೇನಿನ ಕಣಗಳನ್ನು, ಚಿಮುಟದಿಂದ ತೆರೆದು ಒಳಗಿನ ಬಿಳಿ ಮರಿಯನ್ನು ಹೊರತೆಗೆದು ನೋಡಿ. ಬಿಳಿಯ ಮೈಮೇಲೆ ಕಂದು ನುಸಿ ಎದ್ದು ಕಾಣುತ್ತದೆ. ಖಾಲಿ ಕಣಗಳ ಒಳಗೋಡೆಯಲ್ಲಿ ಸುಣ್ಣದ ಚುಕ್ಕೆಯಂತಹ ಕಲೆಗಳಿದ್ದರೆ ಅದು ನುಸಿಯ ಹಿಕ್ಕೆ. ಪಟ್ಟಿ ಕಂಡರೆ ಔಷಧದ ಹೆಸರು, ಇಟ್ಟ ದಿನಾಂಕಗಳನ್ನು ಬರೆದು ಸಹಿ ಮಾಡಿಕೊಡಲು ಕೇಳಿ. ಬರೆದುಕೊಡಲು ಹಿಂಜರಿಯುವವರಿಂದ ಕೊಳ್ಳಬೇಡಿ, ಬೆಲೆ ಎಷ್ಟೇ ಇಳಿಸಲಿ. ಬಂದ ಪೆಟ್ಟಿಗೆಗಳನ್ನು ಹಳೆಯ ಪೆಟ್ಟಿಗೆಗಳಿಂದ ದೂರವಿಡಿ. ಸೋತ ಕುಟುಂಬಕ್ಕೆ ಬಲವಾದ ಕುಟುಂಬದ ನೊಣಗಳು ತುಪ್ಪ ಕದಿಯಲು ನುಗ್ಗಿ ನುಸಿಯನ್ನು ಹೊತ್ತುಕೊಂಡು ಮನೆಗೆ ಮರಳುತ್ತವೆ. ನಮ್ಮೂರಿನಲ್ಲಿ ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಅದು ಹೋದದ್ದು ಹೀಗೆಯೇ ಎಂಬುದು ನನ್ನ ಅಂದಾಜು.

ಕೊಡಗಿನಲ್ಲಿ ಇನ್ನೊಂದು ನುಸಿಯನ್ನೂ ಗಮನಿಸಲೇಬೇಕು. ಟ್ರೊಪಿಲೇಲಾಪ್ಸ್ ಎಂಬ ಇದು ನಮ್ಮ ಹೆಜ್ಜೇನಿನ ಸಹವಾಸಿ. ಹೆಜ್ಜೇನು ನಮ್ಮ ಕಾಡಿನ ಎತ್ತರದ ಮರಗಳಲ್ಲೆಲ್ಲ ಇರುವುದರಿಂದ, ಎಷ್ಟೇ ಶುದ್ಧವಾದ ಇಟಾಲಿಯನ್ ಕುಟುಂಬ ತಂದರೂ ಇದು ತಗಲಬಹುದು. ಇದು ವರ್ರೋವಾಕ್ಕಿಂತ ಚಿಕ್ಕದು, ಉದ್ದನೆಯದು, ಎರಿಯ ಮೇಲೆ ಸರಸರನೆ ಓಡುತ್ತದೆ. ಸಕ್ಕರೆ ಪರೀಕ್ಷೆಯಲ್ಲಿ ಸುಲಭವಾಗಿ ಸಿಗದು. ನೊಣಗಳನ್ನು ಕೊಡವಿದ ಚೌಕಟ್ಟನ್ನು ಬಿಳಿ ತಟ್ಟೆಯ ಮೇಲೆ ಗಟ್ಟಿಯಾಗಿ ಬಡಿದು ನೋಡಬೇಕು. ಬೆಳೆದ ನೊಣದ ಮೇಲೆ ಇದು ಆಹಾರ ಪಡೆಯಲಾರದು, ಮರಿ ಇಲ್ಲದಿದ್ದರೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ರಾಣಿಯನ್ನು 24 ದಿನ ಪಂಜರದಲ್ಲಿಟ್ಟರೆ ಗಂಡು ಜೇನಿನ ಕಣಗಳೂ ಸೇರಿದಂತೆ ಎಲ್ಲ ಮರಿಗಳೂ ನೊಣವಾಗಿ ಹೊರಬಂದು ಎರಿ ಖಾಲಿಯಾಗುತ್ತದೆ, ಈ ನುಸಿಯ ದಾರಿ ಮುಚ್ಚುತ್ತದೆ.

ವರ್ರೋವಾಕ್ಕೂ ಅದೇ ಸಮಯ ಅನುಕೂಲ. ಆಕ್ಸಾಲಿಕ್ ಆಮ್ಲ ಮುಚ್ಚಿದ ಕಣದೊಳಕ್ಕೆ ಹೋಗುವುದಿಲ್ಲ, ಹಾಗಾಗಿ ಮರಿ ಇಲ್ಲದಾಗ ಕೊಟ್ಟರೆ ಮಾತ್ರ ಪೂರ್ಣ ಫಲ. ಫಾರ್ಮಿಕ್ ಆಮ್ಲದ ಆವಿ ಮುಚ್ಚಳ ದಾಟಿ ಹೋಗುತ್ತದೆ, ಆದರೆ ಹಗಲಿನ ಬಿಸಿಲು 29–30 ಡಿಗ್ರಿ ದಾಟುವ ದಿನಗಳಲ್ಲಿ ಕೊಟ್ಟರೆ ಮರಿಗಳು ಸಾಯಬಹುದು, ರಾಣಿಯನ್ನೂ ಕಳೆದುಕೊಳ್ಳಬೇಕಾದೀತು. ಎರಡನ್ನೂ ಕೈಗವಸು, ಕಣ್ಣಿಗೆ ರಕ್ಷಣೆ ಇಲ್ಲದೆ ಮುಟ್ಟಬಾರದು. ಪ್ರಮಾಣವನ್ನು ತರಬೇತಿ ಕೇಂದ್ರದವರಿಂದಲೋ ಕೃಷಿ ವಿಜ್ಞಾನಿಗಳಿಂದಲೋ ಕೇಳಿ ತಿಳಿಯಿರಿ, ಮಾರಾಟಗಾರರಿಂದಲ್ಲ. ತುಪ್ಪ ತೆಗೆದು ಮುಗಿದ ಮೇಲೆ, ಮಳೆ ಬಿಗಿಯುವ ಮುಂಚೆ ಒಮ್ಮೆ ಎಣಿಸಿ, ಬೇಕಿದ್ದರೆ ಆಗಲೇ ಚಿಕಿತ್ಸೆ ಮಾಡುವುದು ನಮ್ಮ ಜಿಲ್ಲೆಗೆ ಸರಿಯಾದ ಕಾಲ. ಮಳೆಯ ನಡುವೆ ರೋಗ ಕಂಡಮೇಲೆ ಮಾಡುವ ಚಿಕಿತ್ಸೆಯಿಂದ ನುಸಿ ಸಾಯಬಹುದು, ಆದರೆ ಮುಂದಿನ ಮರಿಗಳನ್ನು ಸಾಕಬೇಕಾದ ನೊಣಗಳೇ ಆಗ ಉಳಿದಿರುವುದಿಲ್ಲ.

ನಮ್ಮ ಪೆಟ್ಟಿಗೆಗಳ ಸುದ್ದಿ ಹರಡಿದಾಗ ತುಡುವೆ ಸಾಕಿದ್ದ ಕೆಲವು ಹಿರಿಯರು ಗಾಬರಿಗೊಂಡು ತಾವೂ ಆಮ್ಲ ಹಾಕಲು ಮುಂದಾದರು. ದಯವಿಟ್ಟು ಹಾಗೆ ಮಾಡಬೇಡಿ. ವರ್ರೋವಾಕ್ಕಾಗಿ ತುಡುವೆಗೆ ಔಷಧ ಬೇಕಿಲ್ಲ. ಘಾಟು ತಾಳಲಾರದೆ ಇಡೀ ಕುಟುಂಬವೇ ಗೂಡು ಬಿಟ್ಟು ಹಾರಿಹೋಗಬಹುದು. ತುಡುವೆಯ ಮರಿಗಳು ಚೀಲದಂತಾಗಿ ಸಾಯುತ್ತಿದ್ದರೆ ಅದು ಸ್ಯಾಕ್‌ಬ್ರೂಡ್, ಅದಕ್ಕೆ ನುಸಿಯ ಔಷಧದಿಂದ ಯಾವ ಪ್ರಯೋಜನವೂ ಇಲ್ಲ.

ಕುಟುಂಬ ಸತ್ತ ಮೇಲೆ ಉಳಿಯುವ ಮರದ ಪೆಟ್ಟಿಗೆಯನ್ನು ಎಸೆಯಬೇಕಾಗಿಲ್ಲ. ನೊಣವೂ ಮರಿಯೂ ಇಲ್ಲದ ಪೆಟ್ಟಿಗೆಯಲ್ಲಿ ಈ ನುಸಿಗಳು ಹೆಚ್ಚು ದಿನ ಬದುಕುವುದಿಲ್ಲ. ಮೇಣ ಕೆರೆದು ಬಿಸಿಲಿಗಿಟ್ಟು ಮತ್ತೆ ಬಳಸಬಹುದು. ಆದರೆ ಪಟ್ಟಿ ತೂಗುಹಾಕಿದ್ದ ಎರಿಗಳನ್ನು ಹೊಸ ಕುಟುಂಬಕ್ಕೆ ಕೊಡಬೇಡಿ, ಕರಗಿಸಿ ಮೇಣದ ಹಾಳೆ ಮಾಡುವವರಿಗೂ ಮಾರಬೇಡಿ, ಏಕೆಂದರೆ ಅದರಲ್ಲಿರುವ ಔಷಧ ಕರಗಿಸಿದರೂ ಹೋಗದೆ ಇನ್ನೊಬ್ಬರ ಪೆಟ್ಟಿಗೆ ಸೇರುತ್ತದೆ. ನಾವು ಅವನ್ನು ತೋಟದ ಮೂಲೆಯಲ್ಲಿ ಸುಟ್ಟೆವು.