ಅದೇ ಬೂದಿ, ಮೂರು ಯಂತ್ರ: ಎಕ್ಸ್‌ಆರ್‌ಎಫ್, ಎಕ್ಸ್‌ಆರ್‌ಡಿ, ಎಸ್‌ಇಎಂ

ಇಟ್ಟಿಗೆಗೆ ಹಾಕುವ ಕಲ್ಲಿದ್ದಲು ಬೂದಿ ಹೇಗಿದೆ ಅಂತ ನೋಡಬೇಕು, ಒಂದೇ ದೊಡ್ಡ ಪರೀಕ್ಷೆಗೆ ಆಗುವಷ್ಟು ದುಡ್ಡಿದೆ ಅಂದರೆ ಎಕ್ಸ್‌ಆರ್‌ಡಿ (ಯಾವ ಹರಳುಗಳಿವೆ ಅಂತ ತೋರಿಸುವ ಎಕ್ಸ್-ಕಿರಣ ಪರೀಕ್ಷೆ) ಮಾಡಿಸಿ. ಎಲ್ಲರೂ ಮೊದಲು ಓಡುವುದು ಎಕ್ಸ್‌ಆರ್‌ಎಫ್‌ಗೆ (ಯಾವ ಧಾತು ಎಷ್ಟಿದೆ ಅಂತ ಅಳೆಯುವ ಎಕ್ಸ್-ಕಿರಣ ಪರೀಕ್ಷೆ) ಅಂತ ಗೊತ್ತಿದ್ದೂ ಹೇಳುತ್ತಿದ್ದೇನೆ.

ದಕ್ಷಿಣ ಸೋಲಾಪುರದಲ್ಲಿ ಎನ್‌ಟಿಪಿಸಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರದ 660 ಮೆಗಾವ್ಯಾಟ್‌ನ ಎರಡು ಘಟಕಗಳಿವೆ. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯೇ ನೂರಕ್ಕೆ 30-45 ಪಾಲು. ಹಾಗಾಗಿ ನಮ್ಮ ಕಡೆ ಬೂದಿಗೇನೂ ಬರವಿಲ್ಲ. ಅಕ್ಕಲಕೋಟೆ ಹತ್ತಿರ ನಮ್ಮ ಮಾವನ ಬೂದಿ ಇಟ್ಟಿಗೆ ಯೂನಿಟ್ ಇದೆ. ಬಲ್ಕರ್‌ನಲ್ಲಿ (ಮುಚ್ಚಿದ ಟ್ಯಾಂಕರ್ ಲಾರಿ) ಬರುವ ಒಣ ಹಾರುಬೂದಿ, ಸ್ಥಾವರದ ಬೂದಿ ಹೊಂಡದಿಂದ ಎತ್ತಿದ ಹಸಿ ಬೂದಿ, ಎರಡೂ ಬಳಸುತ್ತಾರೆ. ಹೊಂಡದ ಬೂದಿಯ ಇಟ್ಟಿಗೆ ಮೂಲೆ ಉದುರುತ್ತಿತ್ತು. "ನೀ ಕೆಮಿಸ್ಟ್ರಿ ಓದೀಯಲ್ಲ, ನೋಡು ಸ್ವಲ್ಪ" ಅಂದರು. ಎರಡನ್ನೂ ಮೂರು ಯಂತ್ರಕ್ಕೂ ಕೊಟ್ಟು ನೋಡಿದೆ.

ಎಕ್ಸ್‌ಆರ್‌ಎಫ್ ವರದಿ ನೋಡಲು ಚೆಂದ. ಸಿಲಿಕಾ, ಅಲ್ಯುಮಿನಾ, ಕಬ್ಬಿಣದ ಆಕ್ಸೈಡ್, ಸುಣ್ಣದ ಅಂಶ, ಎಲ್ಲವೂ ಸಾಲಾಗಿ ಬರುತ್ತವೆ. ಹಾರುಬೂದಿಯ ಭಾರತೀಯ ಮಾನಕ ಐಎಸ್ 3812 ಕೇಳುವುದೂ ಅದನ್ನೇ: ನಮ್ಮಂಥ ಕಡಿಮೆ ಸುಣ್ಣದ ಬೂದಿಯಲ್ಲಿ ಮೊದಲ ಮೂರೂ ಸೇರಿ ಕನಿಷ್ಠ 70 ಶೇಕಡಾ ಇರಬೇಕು. ನಮ್ಮ ಎರಡೂ ಬೂದಿ ಆರಾಮಾಗಿ ಪಾಸು. ಅಂಕಿಗಳೂ ಹೆಚ್ಚುಕಮ್ಮಿ ಒಂದೇ. ಹಾಗಾದರೆ ಒಂದರ ಇಟ್ಟಿಗೆ ಗಟ್ಟಿ, ಇನ್ನೊಂದರದ್ದು ಯಾಕೆ ಉದುರುತ್ತೆ? ಅದಕ್ಕೆ ಈ ಕಾಗದದಲ್ಲಿ ಉತ್ತರವಿಲ್ಲ. ಸಿಲಿಕಾ ಎಷ್ಟಿದೆ ಅಂತ ಹೇಳುತ್ತದೆ, ಯಾವ ರೂಪದಲ್ಲಿದೆ ಅಂತ ಹೇಳುವುದಿಲ್ಲ.

ಎಕ್ಸ್‌ಆರ್‌ಡಿ ಹೇಳುವುದು ಅದನ್ನೇ. ಬಾಯ್ಲರ್‌ನಲ್ಲಿ ಕಲ್ಲಿದ್ದಲಿನ ಜೇಡಿ ಕರಗಿ, ತಟ್ಟನೆ ತಣಿದಾಗ ಗಾಜಾಗುತ್ತದೆ. ಒಂದಿಷ್ಟು ಮುಲ್ಲೈಟ್ ಎಂಬ ಅಲ್ಯುಮಿನಾ-ಸಿಲಿಕಾ ಹರಳಾಗುತ್ತದೆ. ಕಲ್ಲಿದ್ದಲಿನಲ್ಲಿದ್ದ ಮರಳು ಬಹುಪಾಲು ಕ್ವಾರ್ಟ್ಜ್ (ಸಿಲಿಕಾದ ಹರಳು) ಆಗಿಯೇ ಉಳಿಯುತ್ತದೆ. ಸುಣ್ಣದ ಜೊತೆ ಸೇರಿ ಗಟ್ಟಿಯಾಗುವುದು ಗಾಜು. ಕ್ವಾರ್ಟ್ಜ್, ಮುಲ್ಲೈಟ್ ಸುಮ್ನೆ ಕೂತಿರುತ್ತವೆ. ಎಕ್ಸ್-ಕಿರಣ ಯಾವ ಕೋನಕ್ಕೆ ಎಷ್ಟು ಚದುರಿತು ಅಂತ ತೋರಿಸುವ ಗ್ರಾಫ್‌ನಲ್ಲಿ ಒಣ ಬೂದಿಗೆ 15ರಿಂದ 35 ಡಿಗ್ರಿ ನಡುವೆ ಅಗಲವಾದ ದಿಬ್ಬ ಕಂಡಿತು. ಅದೇ ಗಾಜಿನ ಗುರುತು. ಹೊಂಡದ ಬೂದಿಯಲ್ಲಿ ದಿಬ್ಬ ತಗ್ಗಿತ್ತು, 26.6 ಡಿಗ್ರಿಯಲ್ಲಿ ಕ್ವಾರ್ಟ್ಜ್ ಮೊನೆ ಮಾತ್ರ ನೆಟ್ಟಗೆ ಎದ್ದಿತ್ತು. ಮಾವನ ತಲೆನೋವಿಗೆ ಕಾರಣ ಅಲ್ಲೇ ಸಿಕ್ಕಿತು.

ಆದರೆ ದಿಬ್ಬ ನೋಡಿ ಗಾಜು ಇಷ್ಟು ಶೇಕಡಾ ಅಂತ ಹೇಳಲು ಬರುವುದಿಲ್ಲ. ಬೂದಿಗೆ ತೂಕ ಮಾಡಿದ ಜಿಂಕ್ ಆಕ್ಸೈಡ್‌ನಂಥ ಹರಳು ಬೆರೆಸಿ ಓಡಿಸಿ, ರೀಟ್‌ವೆಲ್ಡ್ ಲೆಕ್ಕ (ಇಡೀ ಗ್ರಾಫ್ ಹೊಂದಿಸಿ ಯಾವುದು ಎಷ್ಟಿದೆ ಅಂತ ತೆಗೆಯುವ ವಿಧಾನ) ಹಾಕಬೇಕು. ಸ್ಯಾಂಪಲ್ ಕೊಡುವಾಗಲೇ ಹೇಳಿಬಿಡಿ, ಇಲ್ಲದಿದ್ದರೆ ಬರೀ ಖನಿಜಗಳ ಹೆಸರು ಬರೆದು ಕೊಟ್ಟು ಕಳಿಸುತ್ತಾರೆ.

ಎಸ್‌ಇಎಂ, ಅಂದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ಕಣ್ಣಿಗೆ ಹಬ್ಬ. ನುಣ್ಣನೆ ಗೋಲಿಗಳು, ಒಳಗೆ ಸಣ್ಣ ಗೋಲಿ ತುಂಬಿಕೊಂಡು ಹೂರಣದ ಕಡುಬಿನ ಹಾಗೆ ಒಡೆದುಕೊಂಡ ದೊಡ್ಡವು, ನಡುವೆ ತೂತುತೂತಾದ ಸುಡದ ಇದ್ದಿಲು. ಹೊಂಡದ ಬೂದಿಯಲ್ಲಿ ಗೋಲಿ ಕಮ್ಮಿ, ಒರಟು ತುಣುಕು ಜಾಸ್ತಿ. ಬಾಯ್ಲರ್ ತಳದ ಬೂದಿಯೂ ಅದರಲ್ಲಿ ಸೇರಿರುತ್ತಲ್ವಾ. ಜೊತೆಗಿರುವ ಇಡಿಎಸ್ (ಧಾತು ಗುರುತಿಸುವ ಉಪಕರಣ) ಒಂದೊಂದು ಗೋಲಿಯಲ್ಲಿ ಏನಿದೆ ಅಂತ ತೋರಿಸುತ್ತದೆ. ಅದರ ಇಂಗಾಲದ ಅಂಕಿ ಮಾತ್ರ ನಂಬಬೇಡಿ, ಬೂದಿ ಅಂಟಿಸುವ ಟೇಪೇ ಇಂಗಾಲದ್ದು. ನೋಡುವುದೂ ಚಿಟಿಕೆಯಷ್ಟು ಬೂದಿ. ಪ್ರಬಂಧ ಬರೆಯುವವರಿಗೆ ಸರಿ, ಇಟ್ಟಿಗೆಯವರಿಗೆ ಬೇಕಿಲ್ಲ.

ಸುಡದ ಇದ್ದಿಲಿನ ಲೆಕ್ಕ ಈ ಮೂರರಲ್ಲೂ ನೆಟ್ಟಗೆ ಸಿಗುವುದಿಲ್ಲ. ಒಣಗಿಸಿ ತೂಗಿ, ಕುಲುಮೆಯಲ್ಲಿ ಸುಟ್ಟು, ಮತ್ತೆ ತೂಗುವ ಎಲ್‌ಒಐ (ಸುಟ್ಟಾಗ ಇಳಿಯುವ ತೂಕ) ಪರೀಕ್ಷೆಯೇ ಬೇಕು. ಐಎಸ್ 3812ರ ಮಿತಿ 5 ಶೇಕಡಾ. ಇದೂ, ಬೂದಿ ಎಷ್ಟು ನುಣುಪು ಅಂತ ನೋಡುವ 45 ಮೈಕ್ರಾನ್ ಜರಡಿಯೂ ಅಗ್ಗದವು. ಇವೆರಡು ಮೊದಲು ಆಗಲಿ, ಎಕ್ಸ್‌ಆರ್‌ಡಿ ಆಮೇಲೆ. ಸಿಮೆಂಟ್‌ನವರಿಗೆ ಮಾರುವುದಿದ್ದರೆ ಎಕ್ಸ್‌ಆರ್‌ಎಫ್ ಹೇಗೂ ತಪ್ಪಿದ್ದಲ್ಲ.

ಮಾವ ಹೊಂಡದ ಬೂದಿ ಬಿಟ್ಟಿಲ್ಲ. ಕಲ್ಲುಪುಡಿಯ ಒಂದು ಪಾಲಿನ ಬದಲು ಅದನ್ನು ಹಾಕುತ್ತಾರೆ, ಸುಣ್ಣದ ಜೊತೆ ಕೂಡಲು ಒಣ ಬೂದಿಯನ್ನೇ ಇಟ್ಟುಕೊಂಡಿದ್ದಾರೆ.