ಬಟನ್ ಟೈರಿನ ಹುಚ್ಚಿಗೆ 11 ತಿಂಗಳು ಡೀಸೆಲ್ ಸುರಿದವನ ಮಾತು

ಮೊದಲೇ ಲೆಕ್ಕ ಹೇಳಿಬಿಡ್ತೀನಿ. ಟೈರಿಗೆ 72,000, ಹೆಚ್ಚಿಗೆ ಕುಡಿದ ಡೀಸೆಲ್ಲಿಗೆ ಸುಮಾರು 40,000, ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಕೊಯ್ಯಿಸಿದ್ದು ಬೇರೆ. ಇಷ್ಟೂ ಹೋಗಿದ್ದು ಗಾಡಿ ನಿಂತಾಗ ಗತ್ತಾಗಿ ಕಾಣಲಿ ಅನ್ನೋ ಒಂದೇ ಆಸೆಗೆ. ಪಿಕಪ್‌ಗೆ ದಪ್ಪ ಟೈರು ಹಾಕಿಸೋ ಯೋಚನೆಯಲ್ಲಿ ಇರೋರು ಸ್ವಲ್ಪ ತಾಳ್ಮೆಯಿಂದ ಓದಿ.

ನಂದು ಕಾರಟಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಗಾಡಿ ಡಬಲ್ ಕ್ಯಾಬಿನ್ ಡೀಸೆಲ್ ಪಿಕಪ್, ಫೋರ್ ವೀಲ್ ಡ್ರೈವ್. ಕಂಪನಿಯಿಂದ ಬಂದ ಟೈರು 245/70 ಆರ್16, ಅಂದರೆ ಅಗಲ 245 ಮಿಲಿಮೀಟರ್, ಬದಿಯ ಎತ್ತರ ಆ ಅಗಲದ 70 ಪರ್ಸೆಂಟ್, ರಿಮ್ 16 ಇಂಚು. ತಿಂಗಳಿಗೆ 2,400 ಕಿಲೋಮೀಟರ್ ಓಡ್ತದೆ: ಸಿಂಧನೂರು, ಗಂಗಾವತಿ, ಕೊಪ್ಪಳ, ಒಮ್ಮೊಮ್ಮೆ ರಾಯಚೂರು. ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಡಾಂಬರು ರಸ್ತೆ. ಉಳಿದಿದ್ದು ಕಾಲುವೆ ಏರಿ, ಕ್ಯಾಂಪ್‌ಗಳ (ನೀರಾವರಿ ಹೊಲಗಳ ನಡುವಿನ ಸಣ್ಣ ಊರುಗಳ) ಮಣ್ಣು ದಾರಿ, ಹೊಲದ ಅಂಚು. ಈ ಮುಕ್ಕಾಲು ಅನ್ನೋ ಮಾತನ್ನು ಟೈರು ಕೊಳ್ಳೋ ದಿನ ನಾನು ಮರೆತಿದ್ದೆ.

ಅದು 2024ರ ಆಗಸ್ಟ್. ತುಂಗಭದ್ರಾ ಜಲಾಶಯದ 19ನೇ ಗೇಟು ಕಿತ್ತುಹೋಗಿ, ನೆಲ್ಲಿಗೆ ನೀರು ಸಿಗ್ತದೋ ಇಲ್ಲೋ ಅಂತ ಊರೆಲ್ಲ ತಲೆ ಮೇಲೆ ಕೈ ಹೊತ್ತಿತ್ತು. ಅದರ ಜಾಗಕ್ಕೆ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಗೇಟು, ಇಳಿಸಿದರು ಅನ್ನೋ ಸುದ್ದಿ ಬಂದಿದ್ದೇ ತಡ, ನಾನು ಖುಷಿಯಲ್ಲಿ ಟೈರ್ ಅಂಗಡಿಗೆ ಹೋದೆ. ರೈತರ ಬಾಕಿ ಇನ್ನೂ ವಸೂಲಿ ಆಗಿರಲಿಲ್ಲ ಅನ್ನೋದು ಬೇರೆ ಮಾತು.

ಅಂಗಡಿಯವನು ಒಂದು ಮಡ್ ಟೆರೇನ್ ಟೈರು, ಅಂದರೆ ಕೆಸರಿಗೆ ಅಂತ ಮಾಡಿದ್ದು, ಉರುಳಿಸಿಕೊಂಡು ಬಂದ. ಮೈ ಮೇಲಿನ ರಬ್ಬರ್ ಗುಂಡಿಗಳು, ಅಂದರೆ ಬಟನ್‌ಗಳು, ಬೆಲ್ಲದ ಅಚ್ಚಿನಷ್ಟು ದಪ್ಪ. ಸೈಜು 265/75 ಆರ್16, ಅದೇ ರಿಮ್ಮಿಗೆ ಕೂರ್ತದೆ. "ಎವರೇಜ್ ಬೀಳ್ತತೇನಪಾ?" ಅಂದೆ. "ಏನ್ ಬೀಳತೈತ್ರಿ ಸಾವ್ಕಾರ್ರ, ಭಾಳ ಅಂದ್ರ ಅರ್ಧ ಕಿಲೋಮೀಟರ್" ಅಂದ. ಆ ಅರ್ಧ ಕಿಲೋಮೀಟರನ್ನು ನಂಬಿ ಕಾರ್ಡ್ ಉಜ್ಜಿದೆ.

ಮನೆ ಮುಂದೆ ನಿಲ್ಲಿಸಿದಾಗ ಗಾಡಿ ಹುಲಿ ಥರ ಕಂಡಿದ್ದು ಸುಳ್ಳಲ್ಲ. ಮರುದಿನ ಪಕ್ಕದಲ್ಲಿ ಕೂತ ಕಾಕಾ, ಗಾಡಿ ಎಪ್ಪತ್ತು ದಾಟಿದ ಮೇಲೆ ಕಿವಿ ಮುಚ್ಚಿಕೊಂಡು, "ಇದೇನಲೇ ತಮ್ಮಾ, ಟ್ರ್ಯಾಕ್ಟರ್ ತಂದೀಯೇನ?" ಅಂದರು. ದೊಡ್ಡ ಗುಂಡಿಗಳ ನಡುವಿನ ಸಂದಿನಲ್ಲಿ ಗಾಳಿ ಸಿಕ್ಕಿ ಗುಂಯ್ ಅನ್ನೋ ಸದ್ದು ಅದು. ಟೈರು ಸವೆದಂತೆ ಕಡಿಮೆ ಆಗ್ತದೆ ಅಂದುಕೊಂಡೆ. ಜಾಸ್ತಿ ಆಯ್ತು.

ಟ್ಯಾಂಕ್ ಫುಲ್ ಮಾಡಿಸಿ, ಮತ್ತೆ ಫುಲ್ ಮಾಡಿಸಿ ಲೆಕ್ಕ ಹಾಕೋ ಚಟ ನನಗೆ ಮೊದಲಿಂದಲೂ ಇದೆ. ಹಳೇ ಟೈರಿನಲ್ಲಿ ಲೀಟರಿಗೆ 12.5 ಬರ್ತಿತ್ತು. ಹೊಸದರಲ್ಲಿ ಮೂರು ಸಲ ನೋಡಿದೆ, 9.6ರ ಆಸುಪಾಸೇ. ಇಂಜೆಕ್ಟರ್ ಹೋಯ್ತೇನೋ ಅಂತ ಮೆಕ್ಯಾನಿಕ್ ಹತ್ತಿರ ಓಡಿದೆ. ಅವನು ಬಾನೆಟ್ ತೆಗೆಯಲೇ ಇಲ್ಲ, ಟೈರನ್ನು ಕಾಲಲ್ಲಿ ಒದ್ದು ತೋರಿಸಿದ.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಎಡವೋದು ಇಲ್ಲೇ. 245/70 ಆರ್16 ಟೈರಿನ ಎತ್ತರ ಹೆಚ್ಚುಕಡಿಮೆ 749 ಮಿಲಿಮೀಟರ್. 265/75ರದ್ದು 804. ಅಂದರೆ ಒಂದು ಸುತ್ತಿಗೆ ಗಾಡಿ 7 ಪರ್ಸೆಂಟ್ ಜಾಸ್ತಿ ದೂರ ಹೋಗ್ತದೆ, ಆದರೆ ಮೀಟರಿಗೆ ಅದು ಗೊತ್ತಿಲ್ಲ, ಅದು ಸುತ್ತು ಮಾತ್ರ ಎಣಿಸೋದು. ಕೊಪ್ಪಳಕ್ಕೆ ಹೋಗಿ, ಅಲ್ಲಲ್ಲಿ ಮಾಲು ಇಳಿಸಿ ಬರೋ ದಾರಿಗೆ ಮೊದಲು 150 ತೋರಿಸ್ತಿತ್ತು, ಈಗ 140. ಹಾಗಾಗಿ ಮೀಟರಿನ 9.6 ಅನ್ನೋದು ನಿಜಕ್ಕೆ 10.3. ಅಂಗಡಿಯವನು ಬುದ್ಧಿವಂತ ಆಗಿದ್ದರೆ ಈ ವಾದ ಹೂಡಿ ನನ್ನ ಬಾಯಿ ಮುಚ್ಚಿಸಬಹುದಿತ್ತು. ಆದರೂ 12.5 ಎಲ್ಲಿ, 10.3 ಎಲ್ಲಿ? ತಿಂಗಳಿಗೆ 192 ಲೀಟರ್ ಕುಡಿಯೋ ಗಾಡಿ 233 ಲೀಟರ್ ಕುಡೀತು. ಲೀಟರಿಗೆ 90 ಅಂತ ಹಿಡಿದರೂ ತಿಂಗಳಿಗೆ 3,700ರ ಹತ್ತಿರ. ಒಬ್ಬ ಹಮಾಲನ ವಾರದ ಕೂಲಿ ರಸ್ತೆ ಮೇಲೆ ಚೆಲ್ಲಿದ ಹಾಗೆ. ಸ್ಪೀಡಿನದ್ದೂ ಅದೇ ಕಥೆ, ಮುಳ್ಳು ತೋರಿಸೋದಕ್ಕಿಂತ ಗಾಡಿ ಜೋರಾಗಿ ಓಡ್ತಿರ್ತದೆ, ಕ್ಯಾಮೆರಾ ಇರೋ ಕಡೆ ದಂಡ ನಿಮಗೆ.

ಡೀಸೆಲ್ ಯಾಕೆ ಕುಡೀತು ಅಂತ ಕೆದಕಿದಾಗ ನನ್ನ ಊಹೆ ತಲೆಕೆಳಗಾಯ್ತು. ಗುಂಡಿಯೊಂದೇ ಕಳ್ಳ ಅಂದುಕೊಂಡಿದ್ದೆ. ಗುಂಡಿಯ ಪಾಲೂ ಇದೆ: ಎತ್ತರದ ರಬ್ಬರ್ ಗುಂಡಿ ರಸ್ತೆಗೆ ಒತ್ತಿದಾಗಲೆಲ್ಲ ಬಾಗಿ, ಮತ್ತೆ ನೆಟ್ಟಗಾಗ್ತದೆ, ಆ ಬಾಗಾಟದಲ್ಲಿ ಇಂಜಿನ್ನಿನ ಶಕ್ತಿ ಬಿಸಿಯಾಗಿ ಹೋಗ್ತದೆ. ಆದರೆ ತೂಕ? ಗೊಬ್ಬರ ತೂಗೋ ಕಾಟಾದ ಮೇಲೆ ಇಟ್ಟು ನೋಡಿದೆ. ರಿಮ್ ಇಲ್ಲದ ಹಳೇ ಟೈರು 15 ಕೆ.ಜಿ., ಹೊಸದು 23. ನಾಲ್ಕಕ್ಕೆ 32 ಕೆ.ಜಿ. ಜಾಸ್ತಿ. ಅದು ಹಿಂದೆ ಸುಮ್ಮನೆ ಮಲಗಿರೋ ಗೊಬ್ಬರದ ಚೀಲ ಅಲ್ಲ, ತಿರುಗೋ ತೂಕ, ಪ್ರತಿ ಸಲ ನಿಂತು ಹೊರಡುವಾಗ ಇಂಜಿನ್ ಅದನ್ನು ಸುತ್ತಿಸಬೇಕು. ಜೊತೆಗೆ ಎತ್ತರ ಹೆಚ್ಚಾಗಿ ಗೇರು ಭಾರವಾಯ್ತು. ಮೊದಲು ಐದನೇ ಗೇರಲ್ಲಿ ಹತ್ತುತ್ತಿದ್ದ ಫ್ಲೈಓವರ್‌ಗೆ ನಾಲ್ಕಕ್ಕೆ ಇಳಿಸಬೇಕಾಯ್ತು.

ಇನ್ನು ಹವಾದ ಗೋಳು. ಈ ಟೈರಿನ ಸೈಜಿಗೆ ಮುಂಚೆ ಎಲ್‌ಟಿ ಅಂತ ಇತ್ತು, ಅಂದರೆ ಲೈಟ್ ಟ್ರಕ್ಕಿಗೆ ಮಾಡಿದ ಗಟ್ಟಿ ಟೈರು. ಅದೇ ಭಾರ ಹೊರೋಕೆ ಇದಕ್ಕೆ ಸಾದಾ ಟೈರಿಗಿಂತ ಹೆಚ್ಚು ಹವಾ ಬೇಕು. ಹುಡುಗ 45 ಹೊಡೆದ, ಖಾಲಿ ಗಾಡಿ ಎತ್ತಿನ ಬಂಡಿ ಆಯ್ತು. ಸಿಟ್ಟು ಬಂದು 28ಕ್ಕೆ ಇಳಿಸಿದೆ, ಆಗ ಎಳೆತ ಇನ್ನೂ ಹೆಚ್ಚಾಗಿ ಎರಡೂ ಅಂಚು ಸವೆಯೋಕೆ ಶುರುವಾದವು. ಇನ್ನೊಂದು ಸಂಗತಿ, ತಿಂಗಳಾದ ಮೇಲೆ ಬದಿಯ ಡಾಟ್ ನಂಬರ್ ನೋಡಿದೆ. ಕೊನೆಯ ನಾಲ್ಕು ಅಂಕಿ 0822. 2022ರ 8ನೇ ವಾರದ ಮಾಲು, ಎರಡೂವರೆ ವರ್ಷ ಗೋಡೌನಿನಲ್ಲಿ ಮಲಗಿದ್ದು. ದುಡ್ಡು ಕೊಡೋಕೆ ಮುಂಚೆ ಬಗ್ಗಿ ಈ ಅಂಕಿ ಓದಿ, ನಾಚಿಕೆ ಪಡಬೇಡಿ.

"ಹೋಗ್ಲಿ ಬಿಡು, ಕೆಸರಲ್ಲಿ ಉಪಯೋಗಕ್ಕೆ ಬರ್ತದೆ" ಅಂತ ಸಮಾಧಾನ ಮಾಡಿಕೊಂಡಿದ್ದೆ. ನಮ್ಮ ಎರಿ ಮಣ್ಣು, ಅಂದರೆ ಅಂಟೋ ಕಪ್ಪು ಮಣ್ಣು, ಗೊತ್ತಿದ್ದೂ ಹಾಗೆ ಅಂದುಕೊಂಡಿದ್ದು ನನ್ನ ಮೂರ್ಖತನ. ಅಕ್ಟೋಬರ್ ಮಳೆಯಲ್ಲಿ ಒಂದು ಕ್ಯಾಂಪ್ ಹತ್ತಿರ ಇಳಿಸಿದೆ. ಹತ್ತು ಮಾರು ಹೋಗೋದರಲ್ಲಿ ಸಂದೆಲ್ಲ ಅಂಟು ಮಣ್ಣು ತುಂಬಿ, ಟೈರು ಕಡುಬಿನ ಹಾಗೆ ನುಣ್ಣಗಾಯ್ತು. ಜೋರಾಗಿ ತಿರುಗಿಸಿದರೆ ಮಣ್ಣು ಎಗರಿ ಹೋಗ್ತದೆ ಅಂತಾರೆ, ತಿರುಗಿಸಿದೆ, ಆಕ್ಸಲ್‌ವರೆಗೆ ಇಳೀತು. ನೆಲ್ಲಿನ ಗದ್ದೆ ರೊಳ್ಳಿ ಹೊಡೆಯೋ ಕೇಜ್‌ವೀಲ್ ಟ್ರ್ಯಾಕ್ಟರ್ ಬಂದು ಎಳೆದು ಹಾಕಿತು. ಚಾಲಕ ಹುಡುಗ ನನ್ನ ಟೈರು ನೋಡಿ, ತನ್ನ ಕಬ್ಬಿಣದ ಗಾಲಿ ನೋಡಿ, ನಕ್ಕ. ಎರಿ ನೆಲದಲ್ಲಿ ಮಳೆ ಬಿದ್ದು ಮೂರು ದಿನ ಯಾವ ಟೈರೂ ಹೋಗಲ್ಲ ಅಂತ ನಮ್ಮಪ್ಪ ಹೇಳ್ತಿದ್ದರು, ಅದಕ್ಕೆ 72,000 ಬೇಕಿರಲಿಲ್ಲ.

ಭಯ ಆಗಿದ್ದು ಮಾತ್ರ ಡಾಂಬರಿನ ಮೇಲೆ. ಕೊಪ್ಪಳ, ಹೊಸಪೇಟೆ ನಡುವಿನ ಹೆದ್ದಾರಿಯಲ್ಲಿ, ಗಿಣಿಗೇರಾ ದಾಟಿ, ಜಿಟಿಜಿಟಿ ಮಳೆ. ಕುರಿ ಹಿಂಡು ಅಡ್ಡ ಬಂತು. ಬ್ರೇಕ್ ಒತ್ತಿದೆ, ಗಾಡಿ ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ, ಜಾರಿಕೊಂಡು ಹೋಯ್ತು. ಮಡ್ ಟೈರಿನ ಗುಂಡಿ ದೊಡ್ಡದು, ಆದರೆ ರಸ್ತೆಗೆ ತಾಗೋ ರಬ್ಬರು ಕಡಿಮೆ. ನೀರು ಕತ್ತರಿಸೋ ಸಣ್ಣ ಸಣ್ಣ ಗೀರುಗಳೂ ಕಡಿಮೆ. ಎಡಕ್ಕೆ ಇಳಿಸಿ ಕರೀಜಾಲಿ ಗಿಡಕ್ಕೆ ಉಜ್ಜಿ ನಿಂತೆ. ಕುರಿಯವನು ಬೈಯ್ಯಲೂ ಇಲ್ಲ, ಕೈ ಮುಗಿದ. ಆ ಕೈ ಮುಗಿದಿದ್ದು ಇವತ್ತಿಗೂ ಚುಚ್ಚುತ್ತೆ.

ಕಾನೂನು ಕಡೆಗೂ ಒಂದು ಮಾತು. ಗಾಡಿಯನ್ನು ಕಂಪನಿ ಕೊಟ್ಟ ಸ್ವರೂಪದಿಂದ ಬದಲಾಯಿಸೋ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಬಿಗಿಯಾಗಿಯೇ ಎತ್ತಿ ಹಿಡಿದಿದೆ. ಆ ದಿನ ಏನಾದರೂ ಆಗಿದ್ದರೆ ಇನ್ಶೂರೆನ್ಸ್‌ನವರು ಮೊದಲು ನೋಡ್ತಿದ್ದದ್ದು ಟೈರಿನ ಸೈಜೇ.

ಹಾಗಂತ ಗತ್ತು ಬೇಡ ಅಂತ ನಾನು ಹೇಳ್ತಿಲ್ಲ, ನನಗೂ ಇನ್ನೂ ಬೇಕು. 2025ರ ಜುಲೈನಲ್ಲಿ ಹಾಕಿಸಿದ್ದು ಆಲ್ ಟೆರೇನ್, ಅಂದರೆ ಡಾಂಬರಿಗೂ ಮಣ್ಣು ದಾರಿಗೂ ಆಗೋದು, ಕಂಪನಿ ಸೈಜೇ, 245/70 ಆರ್16, ಎಲ್‌ಟಿ ಅಲ್ಲದ್ದು. ನೋಡೋರ ಕಣ್ಣಿಗೆ ಬೀಳೋದು ಟೈರಿನ ಬದಿ ಮತ್ತು ಭುಜ, ರಸ್ತೆಗೆ ತಾಗೋದು ನಡುಭಾಗ. ಭುಜದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಂಡಿ, ಬದಿಯಲ್ಲಿ ಉಬ್ಬಿದ ಬಿಳಿ ಅಕ್ಷರ ಇರೋದನ್ನು ಆರಿಸಿದೆ. ಬಿಳಿ ಅಕ್ಷರ ಡೀಸೆಲ್ ಕುಡಿಯಲ್ಲ. ನಡುಭಾಗದ ಗುಂಡಿಗಳು ಒತ್ತೊತ್ತಾಗಿ ಇವೆಯಾ ಅಂತ ಬೆರಳು ಇಟ್ಟು ನೋಡಿದೆ. ಸಂದಿನಲ್ಲಿ ಹೆಬ್ಬೆರಳು ಆಡಿದರೆ ಅದು ಹೊಲದ ಟೈರು, ವಾಪಸ್ ಇಡಿ. ತೂಕ ಕೇಳಿ, ಹೇಳದಿದ್ದರೆ ಕಾಟಾ ಮೇಲೆ ಇಡಿಸಿ. ಡ್ರೈವರ್ ಬಾಗಿಲ ಕಂಬದ ಸ್ಟಿಕರಿನಲ್ಲಿ ಸೈಜು, ಹವಾ ಬರೆದಿರ್ತದೆ. ಕಂಪನಿ ಕೊಟ್ಟ ಟೈರಿನಲ್ಲಿ ಸೈಜಿನ ಪಕ್ಕದ 111 ಅನ್ನೋ ಥರದ ಅಂಕಿ ಭಾರದ್ದು, 111 ಅಂದರೆ ಟೈರಿಗೆ 1,090 ಕೆ.ಜಿ., ಅದಕ್ಕಿಂತ ಕೆಳಗೆ ಇಳೀಬೇಡಿ. ದಿನಾ ಟನ್ನುಗಟ್ಟಲೆ ಮಾಲು ಹೊರೋರಿಗೆ ಮಾತ್ರ ಎಲ್‌ಟಿ ನ್ಯಾಯ. ಹವಾ ಬೆಳಿಗ್ಗೆ ಗಾಡಿ ತಣ್ಣಗಿರುವಾಗಲೇ ನೋಡಿಸಿ, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನದ ಲೆಕ್ಕ ಸುಳ್ಳು ಹೇಳ್ತದೆ. ಸ್ಟೆಪ್ನಿಯೂ ಅದೇ ಸೈಜು ಇರಲಿ. ಮಡ್ ಟೈರು ಇದ್ದಾಗ ನನ್ನದು ಹಳೇ ಸೈಜಿನದ್ದೇ ಉಳಿದಿತ್ತು, ಒಮ್ಮೆ ಪಂಕ್ಚರ್ ಆಗಿ ಅದನ್ನೇ ಹಾಕಿ ಮಸ್ಕಿಯಿಂದ ಮೂವತ್ತರ ಸ್ಪೀಡಿನಲ್ಲಿ ಬಂದೆ, ಒಂದೇ ಆಕ್ಸಲ್ಲಿನಲ್ಲಿ ಒಂದು ಗಾಲಿ ದೊಡ್ಡದು, ಒಂದು ಚಿಕ್ಕದು.

ಈಗ ಎವರೇಜ್ 12.1. ಆ ಪಾಯಿಂಟ್ ನಾಲ್ಕು ನನ್ನ ಶೋಕಿಯ ಬಾಡಿಗೆ ಅಂತ ಒಪ್ಪಿಕೊಂಡಿದ್ದೀನಿ.

ಮಡ್ ಟೈರಿನ ಸೆಟ್ಟು ಮಾರೋಕೆ ಇಟ್ಟಾಗ ಸಂಡೂರು ಕಡೆಯ ಒಬ್ಬ ಹುಡುಗ ಬಂದ. ಸುಳ್ಳು ಹೇಳೋ ಮನಸ್ಸಾಗಲಿಲ್ಲ. ಡೀಸೆಲ್, ಸದ್ದು, ಕುರಿ ಹಿಂಡು, 0822, ಎಲ್ಲಾ ಹೇಳಿದೆ. ಅವನು ತಲೆ ಆಡಿಸ್ತಾ ಪೂರ್ತಿ ಕೇಳಿದ. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಗೋಡೆಗೆ ಒರಗಿಸಿದ್ದ ಟೈರುಗಳನ್ನು ಕಣ್ಣು ಕಿರಿದು ಮಾಡಿ ನೋಡಿ, "ಆದ್ರೂ ಏನ್ ಕಾಣ್ತಾವ್ರೀ ಅಣ್ಣಾರ!" ಅಂದು 30,000 ಎಣಿಸಿ ಕೈಗಿಟ್ಟ.